ಬೋರಲು ಮಲಗಿ ಕಂಡ ಸಮುದ್ರ

ಸೆಪ್ಟೆಂಬರ್ 2, 2024, ಸೋಮವಾರ

ಇದು ನನ್ನ ಬುಕಿಂಗ್ ಡೈರಿ. ಇಷ್ಟು ವರ್ಷ ಇಂಥ ಡೈರಿಗಳಲ್ಲಿ ನಾನು ಬರೆದದ್ದೆಂದರೆ ಯಾರ ಮದುವೆ, ಯಾವ ಊರು, ಎಷ್ಟು ಗಂಟೆಗೆ ಅಕ್ಕಿಕಾಳಿನ ಮುಹೂರ್ತ, ಅಷ್ಟೇ. ಈ ತಿಂಗಳ ಕೆಲಸಗಳೆಲ್ಲ ಬೇರೆಯವರ ಪಾಲು, ಹಾಳೆಗಳು ಖಾಲಿ. ನನಗೆ ನೆಲ ಬಿಟ್ಟು ಬೇರೇನೂ ನೋಡುವ ಅಪ್ಪಣೆಯಿಲ್ಲ. ಅದಕ್ಕೇ ಡೈರಿಯನ್ನು ಮೂಗಿನ ಕೆಳಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಬಲಗಣ್ಣಿನ ಹಿಂದಿನ ಪರದೆ ಕಿತ್ತುಬಂದಿತ್ತು. ಹೋದ ಮಂಗಳವಾರ ಸ್ಟುಡಿಯೋದಲ್ಲಿ ಕಾಲೇಜು ಹುಡುಗಿಯೊಬ್ಬಳ ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಕ್ಯಾಮರಾದ ಮೂಲೆಯಲ್ಲಿ ಯಾರೋ ಕರಿ ಬಟ್ಟೆ ಇಳಿಬಿಟ್ಟಂತೆ ಕಂಡಿತು. ಲೆನ್ಸ್ ಒರೆಸಿದೆ. ಇನ್ನೊಂದು ಕ್ಯಾಮರಾ ತೆಗೆದೆ. ಅದರಲ್ಲೂ ಅದೇ ಬಟ್ಟೆ. ಕೊನೆಗೆ ಎಡಗಣ್ಣಿಟ್ಟು ನೋಡಿದೆ, ಹುಡುಗಿ ಪೂರ್ತಿ ಕಂಡಳು. ಶುಕ್ರವಾರ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಇನ್ನೆರಡು ದಿನ ತಡಮಾಡಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆ ಮಾತು ನೆನೆದಾಗೆಲ್ಲ ಎದೆ ಹಗುರಾಗುತ್ತದೆ. ಸಮಯಕ್ಕೆ ಹೋದೆವು.

ಈಗ ಆ ಕಣ್ಣಿನೊಳಗೆ ಗ್ಯಾಸಿನ ಒಂದು ಗುಳ್ಳೆ ಬಿಟ್ಟಿದ್ದಾರೆ. ಆಲ್ಬಮ್ಮಿಗೆ ಫೋಟೋ ಅಂಟಿಸಿ ಮೇಲೆ ದಪ್ಪ ಪುಸ್ತಕ ಹೇರುತ್ತೇವಲ್ಲ, ಹಾಗೆ ಅದು ಪರದೆಯನ್ನು ಒತ್ತಿ ಹಿಡಿಯಬೇಕು. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವುದರಿಂದ ನಾನು ಮಾರಿ ಕೆಳಗೆ ಮಾಡಿಕೊಂಡೇ ಇರಬೇಕು. ಊಟಕ್ಕೆ, ಸ್ನಾನಕ್ಕೆ ಹತ್ತು ಹತ್ತು ನಿಮಿಷ ರಜೆ. ಹದಿನೆಂಟನೇ ತಾರೀಖಿನವರೆಗೆ ಇದೇ ಶಿಕ್ಷೆ. ಬಡಿಗೇರ ಮಲ್ಕಪ್ಪ ಒಂದು ಹಲಗೆಗೆ ಮಾರಿಯಷ್ಟು ದೊಡ್ಡ ತೂತು ಕೊರೆದು, ಸುತ್ತ ಸ್ಪಂಜು ಬಡಿದು ಕೊಟ್ಟಿದ್ದಾನೆ. ಅದರ ಮೇಲೆ ಬೋರಲು ಮಲಗುವುದು, ಕೆಳಗೆ ಕೈ ಇಳಿಬಿಟ್ಟು ಬರೆಯುವುದು.

ಬಲಗಣ್ಣಿಗೆ ಕಾವಲಿನ ಪ್ಲಾಸ್ಟಿಕ್ ಡಬ್ಬಿ ಕಟ್ಟಿದ್ದರಿಂದ ಚಸ್ಮಾ ಕೂಡುವುದಿಲ್ಲ. ನನ್ನದು ಹನ್ನೊಂದು ನಂಬರು. ಚಸ್ಮಾ ಇಲ್ಲದ ಎಡಗಣ್ಣಿಗೆ ನಾಲ್ಕು ಬೆರಳಿನೊಳಗಿನದು ಸ್ಪಷ್ಟ, ಆಚೆಯದೆಲ್ಲ ಹೊಗೆ.

ನಿನ್ನೆ ಸಂಜೆ ಏಳಕ್ಕೆ ಹೆಂಡತಿ ಕಸ್ತೂರಿ ಮತ್ತು ಬಾಜೂ ಮನೆಯ ಅರ್ಜುಮಂದ್ ಟೀಚರು ಟಿವಿ ಮುಂದೆ ಕುಂತರು. ಟೀಚರು ಉರ್ದು ಶಾಲೆಯಿಂದ ನಿವೃತ್ತರಾದವರು. ಅವರ ಮನೆಯ ಟಿವಿ ಮೊಮ್ಮಕ್ಕಳ ವಶದಲ್ಲಿದೆ. ಶನಿವಾರ, ರವಿವಾರ ‘ಮಹಜರು’ ಅಂತ ಒಂದು ಪತ್ತೇದಾರಿ ಧಾರಾವಾಹಿ ಬರುತ್ತದೆ, ಇಬ್ಬರಿಗೂ ಅದರ ಹುಚ್ಚು. "ಎಷ್ಟು ಛಂದ ತೋರ್ಸ್ಯಾರ ನೋಡು ಕಸ್ತೂರಿ" ಅಂತ ಅವರು, "ಹೌದ ನೋಡ್ರಿ ಆಪಾ" ಅಂತ ಇವಳು. ಮೂವತ್ತು ವರ್ಷದಿಂದ ಸುರಪುರದಲ್ಲಿ ಪೊಲೀಸರು ಪಂಚನಾಮೆಗೆ ಕರೆಯುವ ಫೋಟೋಗ್ರಾಫರ್ ನಾನು. ಬಾವಿಯಿಂದ ಎತ್ತಿದ್ದು, ರಸ್ತೆಯಲ್ಲಿ ಬಿದ್ದದ್ದು, ಎಲ್ಲ ಕಂಡವನು. ಇವರಿಗೇನು ಗೊತ್ತು ಅನಿಸಿತು. ಸದ್ದು ಕಡಿಮೆ ಮಾಡಲು ಹೇಳಿದೆ.

ಸೆಪ್ಟೆಂಬರ್ 4, ಬುಧವಾರ

ನಮ್ಮ ಡಾಕ್ಟರು ಬುಧವಾರ ಬುಧವಾರ ಯಾದಗಿರಿಯ ದವಾಖಾನೆಗೆ ಬರುತ್ತಾರೆ. ಲಕ್ಷ್ಮಿಕಾಂತ ಶಹಾಪುರದಿಂದ ಕಾರು ತಂದಿದ್ದ. ನನ್ನ ಸ್ಟುಡಿಯೋದಲ್ಲೇ ಕೆಲಸ ಕಲಿತು, ಈಗ ಶಹಾಪುರದಲ್ಲಿ ಸ್ವಂತ ವಿಡಿಯೋ ಯೂನಿಟ್ ಮಾಡಿಕೊಂಡಿದ್ದಾನೆ. ಈ ತಿಂಗಳ ನನ್ನ ಬುಕಿಂಗುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ.

ಹಿಂದಿನ ಸೀಟಿನಲ್ಲಿ ದಿಂಬಿಗೆ ಹಣೆ ಹಚ್ಚಿ ಹೋದೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಬಂದಾಗ ಕಸ್ತೂರಿ ತಾನಾಗಿಯೇ ಹೇಳಿದಳು: "ಗುಡ್ಡದ ಮ್ಯಾಲ ಮಾಡ ಇಳದಾವ. ಇವತ್ತ ಮಲಗಿದ ಬುದ್ಧನ ಮೂಗು ಕಾಣವಲ್ದು, ಹೊಟ್ಟಿ ಅಷ್ಟ ಕಾಣ್ತದ." ಲಕ್ಷ್ಮಿಕಾಂತ ನಕ್ಕ. ನನಗೂ ನಗು ಬಂತು, ಆದರೆ ನಕ್ಕರೆ ತಲೆ ಅಲ್ಲಾಡುತ್ತದೆಂದು ತಡೆದೆ. ಭೀಮಾ ಸೇತುವೆ ಬಂದದ್ದು ಗಾಲಿಯ ಸದ್ದಿನಲ್ಲೇ ತಿಳಿಯಿತು.

ಪರದೆ ಸದ್ಯಕ್ಕೆ ಕೂತಿದೆಯಂತೆ. ಆದರೆ ಗುಳ್ಳೆ ಕರಗುವ ತನಕ ಏನೂ ಹೇಳಲಾಗದು, ಮತ್ತೆ ಬಿಟ್ಟುಬರುವುದೂ ಉಂಟು ಅಂದರು. ಮೊದಲ ಮಾತನ್ನಷ್ಟೇ ನೆನಪಿಟ್ಟುಕೊಳ್ಳುತ್ತೇನೆ.

ಸೆಪ್ಟೆಂಬರ್ 8, ರವಿವಾರ

ನಿನ್ನೆ ಗಣೇಶ ಚೌತಿ. ಕಡುಬು ತಿಂದು ಹಲಗೆಯ ಮೇಲೆ ಬಿದ್ದೆ. ಎಂಟು ದಿನದಿಂದ ನೆಲದ ಇದೇ ಆರು ಪರ್ಸಿ ಕಲ್ಲು ನೋಡಿ ನೋಡಿ ತಲೆ ಕೆಟ್ಟಿತ್ತು. ಸಂಜೆ ಧಾರಾವಾಹಿ ಶುರುವಾಗಿ ಇಬ್ಬರೂ ಒಮ್ಮೆಲೇ ಸುಮ್ಮನಾದರು. ಟಿವಿಯಲ್ಲೂ ಮಾತಿಲ್ಲ.

"ಏನ್ ಕಾಣಾಕತ್ತದ ಅಷ್ಟು?" ಅಂತ ಕೇಳಿದೆ.

"ಸತ್ತವನ ಮನಿ" ಅಂದಳು ಕಸ್ತೂರಿ.

"ಹ್ಯಾಂಗ ತೋರ್ಸ್ಯಾರ?"

ನಾನು ಅವಳಿಗೆ ಇಂಥದ್ದನ್ನು ಎಂದೂ ಕೇಳಿದವನಲ್ಲ, ಚೇಷ್ಟೆ ಅಂದುಕೊಂಡಿರಬೇಕು. ಆಮೇಲೆ ಹೇಳತೊಡಗಿದಳು.

"ನಾವು ಹೊರಗಿನ ಬಾಗಲದಾಗ ನಿಂತು ನೋಡಿದಂಗ ಅದ. ಒಳಗ ಕತ್ತಲಿ. ಹಿತ್ತಲ ಕಡಿ ಒಂದ ಕಿಡಕಿ ತಗದದ. ಅದರ ಬಿಸಲು ನೆಲದ ಮ್ಯಾಲ ಬಿದ್ದದ, ನೆಲದಿಂದ ಎದ್ದು ಅವನ ಹೇಣ್ತಿ ಗದ್ದಕ್ಕ ಹತ್ತ್ಯದ. ಅಕಿ ಹಣಿ ಕಾಣವಲ್ದು, ಕಣ್ಣೂ ಕಾಣವಲ್ದು. ಬರೇ ಗದ್ದ ಮತ್ತ ತುಟಿ. ಅಕಿ ಅಳವಲ್ಲಳು. ತುಟಿ ಒಣಗ್ಯದ."

ನಾನು ತೂತಿನೊಳಗಿಂದ ಪರ್ಸಿ ಕಲ್ಲು ನೋಡುತ್ತಲೇ ಆ ಮನೆ ಕಂಡೆ. ಬೆಳಕು ಕೆಳಗಿನಿಂದ ಬರುತ್ತಿದೆ, ಲೈಟು ಹಚ್ಚಿಲ್ಲ, ನೆಲವೇ ಲೈಟಾಗಿದೆ. ಅದನ್ನು ಹಾಗೆ ಹಿಡಿಯುವುದು ಸುಲಭದ ಕೆಲಸವಲ್ಲ.

ಕಥೆ ನಡೆಯುವುದು ಕಡಲ ದಂಡೆಯ ಒಂದು ಬಂದರಿನಲ್ಲಿ. ದೋಣಿಯ ಮಾಲೀಕನೊಬ್ಬನ ಕೊಲೆಯಾಗಿದೆ. ತನಿಖೆ ಮಾಡುವ ಇನ್ಸ್‌ಪೆಕ್ಟರ್ ಅಚ್ಯುತನ ಸ್ವಂತ ಅಣ್ಣನ ಮೇಲೇ ಗುಮಾನಿ ಬಂದಿದೆ. ಸಮುದ್ರ ಹೇಗಿದೆ ಅಂತ ಕೇಳಿದೆ. ನಾವಿಬ್ಬರೂ ಸಮುದ್ರ ನೋಡಿದವರಲ್ಲ.

"ನಾರಾಯಣಪುರ ಡ್ಯಾಮು ತುಂಬಿದಾಗ ಇರ್ತದಲ್ಲ, ಹಂಗ. ಆದ್ರ ಆಚಿ ದಂಡಿ ಇಲ್ಲ. ನೀರಿಗಿ ಬಣ್ಣನೂ ಇಲ್ಲ ನೋಡ್ರಿ, ಸ್ಟೀಲ್ ಪರಾತ ತೊಳದು ಬೋರಲ ಇಟ್ಟಂಗ."

ಅರ್ಜುಮಂದ್ ಟೀಚರಿಗೆ ಸಮುದ್ರ ಬೇಕಿಲ್ಲ. ಅವರ ಗಮನವೆಲ್ಲ ನಟನೆಯ ಮೇಲೆ. "ಭೀಮಾಶಂಕರ ಭಾಯಿ, ನೀವು ಕಿವಿಯಿಂದನೂ ನೋಡಬಹುದು. ಆ ಇನ್ಸ್‌ಪೆಕ್ಟರ್ ಪಾರ್ಟು ಮಾಡಿದವ್ರು ಮಾತಾಡೋಕಿಂತ ಮೊದಲ ಸಣ್ಣಗ ಉಸರು ಒಳಗ ತಗೋತಾರ. ಸುಳ್ಳು ಹೇಳಬೇಕಾದಾಗ ಮಾತ್ರ ತಗೊಳ್ಳಂಗಿಲ್ಲ. ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳೀನಿ, ಅದು ಹಂಗ ಇರ್ತದ."

ಕಿವಿಗೊಟ್ಟೆ. ಅಣ್ಣನಿಗೆ "ನಿನ್ನ ಮ್ಯಾಲ ನನಗೇನೂ ಸಂಶಯ ಇಲ್ಲ" ಅಂತ ಅರ್ಥ ಬರುವ ಮಾತು ಹೇಳುವಾಗ ಉಸಿರು ಕೇಳಲಿಲ್ಲ.

ಇವತ್ತು ಮುಂಜಾನೆಯಿಂದ ಏಳು ಗಂಟೆಗೆ ಕಾಯುತ್ತಿದ್ದೇನೆ.

ಸೆಪ್ಟೆಂಬರ್ 10, ಮಂಗಳವಾರ

ಲಕ್ಷ್ಮಿಕಾಂತ ಬಂದಿದ್ದ. ಅವನೂ ಆ ಧಾರಾವಾಹಿ ನೋಡುತ್ತಾನೆ, ಫೋನಿನಲ್ಲಿ ಅಭಿಮಾನಿಗಳ ಒಂದು ಗುಂಪೇ ಇದೆಯಂತೆ. ರವಿವಾರದ ಕಂತಿನ ಮೀನು ಸಂತೆಯ ದೃಶ್ಯ ಹೇಗಿತ್ತು ಹೇಳು ಅಂದೆ. "ಗುರುಗಳ, ಒಂದ ಶಾಟು. ನಾಲ್ಕು ನಿಮಿಷ ಕಟ್ ಇಲ್ಲ. ಗಿಂಬಲ್ ಹಾಕ್ಯಾರ, ಮೂವತ್ತೈದರ ಲೆನ್ಸು, ಕಡೀಕ ಡ್ರೋನಿಗಿ ಜೋಡಿಸ್ಯಾರ." ಎಲ್ಲ ಸರಿ. ಆದರೆ ನನಗೆ ಸಂತೆ ಕಾಣಲಿಲ್ಲ, ಸಾಮಾನಿನ ಪಟ್ಟಿ ಕಂಡಿತು.

ಅವನು ಹೋದ ಮೇಲೆ ಕಸ್ತೂರಿಯನ್ನು ಕೇಳಿದೆ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಕ್ಯಾಮರಾ ಇನ್ಸ್‌ಪೆಕ್ಟರ್ ಬೆನ್ನ ಹಿಂದ ಹೊಂಟದ. ಮೀನ ಮಾರೋ ಹೆಣ್ಮಕ್ಕಳು ಅವನ್ನ ನೋಡಿ ಒಬ್ಬೊಬ್ಬರಾಗಿ ಮಾತು ನಿಂದರಸ್ತಾರ. ಅವ ಮುಂದ ಹೋದಂಗ ಹಿಂದಿನವ್ರು ಮತ್ತ ಮಾತು ಸುರು ಮಾಡ್ತಾರ. ಅವ ಎಲ್ಲಿ ಇರ್ತಾನ ಅಲ್ಲಿ ಅಷ್ಟ ಮೌನ. ತನ್ನ ಊರಾಗ ಅವ ಪರದೇಸಿ ಆಗ್ಯಾನ ಅಂತ ಯಾರೂ ಬಾಯ್ಬಿಟ್ಟು ಹೇಳಿಲ್ಲ, ಆದ್ರ ಗೊತ್ತಾಗ್ತದ."

ಮದುವೆಯಾದ ಹೊಸದರಲ್ಲಿ, ರೀಲಿನ ಕಾಲದಲ್ಲಿ, ಇವಳು ನೆಗೆಟಿವ್‌ಗಳ ಮೇಲೆ ಸೀಸದ ಕಡ್ಡಿಯಿಂದ ಸಿಡುಬಿನ ಕಲೆ ಮುಚ್ಚುತ್ತಿದ್ದಳು. ಎಷ್ಟು ನಾಜೂಕಿನ ಕೆಲಸ ಅದು. ಆಮೇಲೆ ಕಂಪ್ಯೂಟರ್ ಬಂತು. ಇವಳಿಗೆ ಫೋಟೋ ಕತ್ತರಿಸುವುದು, ಆಲ್ಬಮ್ ಅಂಟಿಸುವುದು ಉಳಿಯಿತು. ಯಾಕೆ ಹಾಗಾಯಿತೋ ನೆನಪಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಮುಂಜಾನೆ ಡ್ರಾಪ್ಸ್ ಹಾಕಲು ಡಬ್ಬಿ ಬಿಚ್ಚಿದಾಗ ಬಲಗಣ್ಣಿನ ಮೇಲ್ಭಾಗದಲ್ಲಿ ಒಂದು ಕರಿ ಗೆರೆ ಕಂಡಿತು. ಅಡ್ಡ ಗೆರೆ. ನಿನ್ನೆ ಇರಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ಗೆರೆ ಇದೆ. ತುಸು ಕೆಳಗೆ ಬಂದಿದೆ.

ಸೆಪ್ಟೆಂಬರ್ 16, ಸೋಮವಾರ

ಮೂರು ದಿನದಿಂದ ಯಾರಿಗೂ ಹೇಳಿರಲಿಲ್ಲ. ಪರದೆ ಮತ್ತೆ ಬಿಟ್ಟುಬರುವುದು ಹೀಗೇ, ಮೊದಲು ಕರಿ ಬಟ್ಟೆ, ಆಮೇಲೆ ಕತ್ತಲೆ. ಬಾಯಿಬಿಟ್ಟು ಹೇಳಿದರೆ ಅದು ಖರೆ ಆಗಿಬಿಡುತ್ತದೆ ಅನಿಸುತ್ತಿತ್ತು. ಎಡಗಣ್ಣಿನ ಪರದೆಯೂ ತೆಳುವಾಗಿದೆ ಅಂದಿದ್ದಾರೆ. ಎರಡೂ ಹೋದರೆ ಐವತ್ತೇಳನೇ ವರ್ಷಕ್ಕೆ ನಾನು ಏನು ಮಾಡಲಿ? ಕ್ಯಾಮರಾ ಬಿಟ್ಟು ಬೇರೇನೂ ಕಲಿತವನಲ್ಲ. ನಿನ್ನೆ ಸಂಜೆ ಧಾರಾವಾಹಿ ನಡೆದಾಗ ಕಸ್ತೂರಿ ಏನೇನೋ ಹೇಳುತ್ತಿದ್ದಳು. ಒಂದೂ ತಲೆಗೆ ಇಳಿಯಲಿಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ನನ್ನ ಎದುರಿಗೆ ಬಂದು ಕುಂತಳು.

"ಏನ್ ಕಾಣಾಕತ್ತದ ಹೇಳ್ರಿ."

"ಎಲ್ಲಿ?"

"ಬಲಗಣ್ಣಾಗ. ನಾಲ್ಕು ದಿನ ಆತು, ಊಟಕ್ಕ ಕುಂತಾಗ ಡಬ್ಬಿ ಸರಿಸಿ, ಎಡಗಣ್ಣು ಮುಚ್ಚಿ ಗ್ವಾಡಿ ನೋಡ್ತೀರಿ. ತಲಿ ಒಂದು ಬಾಜೂ ಮಾಡ್ತೀರಿ, ಮತ್ತ ಇನ್ನೊಂದು ಬಾಜೂ. ಡ್ರಾಪ್ಸ್ ಹಾಕುವಾಗ ನನ್ನ ಮಾರಿ ನೋಡವಲ್ರಿ. ನಿನ್ನಿ ಟಿವಿ ಮುಂದ ಒಂದ ಮಾತು ಕೇಳಲಿಲ್ಲ, ದೋಣಿ ಸುಟ್ಟರೂ ಕೇಳಲಿಲ್ಲ."

ಮೂರು ದಿನ ಅಂತ ತಿದ್ದಲು ಹೋದವನು ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಅಳಲಿಲ್ಲ. ಒಂದೊಂದೇ ಕೇಳಿದಳು. ಗೆರೆ ನೇರ ಅದನೋ ಸೊಟ್ಟ ಅದನೋ. ತಲೆ ಓರೆ ಮಾಡಿದರೆ ಗೆರೆಯೂ ಓರೆಯಾಗುತ್ತದೋ ಇಲ್ಲೋ. ನನಗೆ ಅದು ಗೊತ್ತಿರಲಿಲ್ಲ. ಡಬ್ಬಿ ಬಿಚ್ಚಿ ಅಲ್ಲೇ ನೋಡಿಸಿದಳು. ತಲೆ ಓರೆ ಮಾಡಿದರೂ ಗೆರೆ ಮಟ್ಟಸವಾಗಿಯೇ ನಿಲ್ಲುತ್ತಿತ್ತು, ತುಸು ಕುಲುಕಿ ಮತ್ತೆ ನಿಲ್ಲುತ್ತಿತ್ತು. ಗೆರೆಯ ಮೇಲೆ ಏನು ಕಾಣುತ್ತದೆ ಅಂದಳು. ನೋಡಿದೆ. ಕ್ಯಾಲೆಂಡರಿನ ಕೆಂಪು ಬಣ್ಣ ಮಸುಕಾಗಿ ಕಂಡಿತು.

"ಕರಿ ಬಟ್ಟಿ ಇದ್ರ ಕೆಂಪು ಹ್ಯಾಂಗ ಕಾಣ್ತದ್ರಿ?" ಅಂದಳು.

ಯಾದಗಿರಿಯ ದವಾಖಾನೆಗೆ ಫೋನು ಮಾಡಿ ನನ್ನಿಂದ ಕೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಒಪ್ಪಿಸಿದಳು. ನಾಳೆ ಕಲ್ಯಾಣ ಕರ್ನಾಟಕ ಉತ್ಸವದ ರಜೆ, ಹೆದರುವ ಲಕ್ಷಣ ಕಾಣುವುದಿಲ್ಲ, ಬುಧವಾರ ಹತ್ತಕ್ಕೆ ಬರ್ರಿ ಅಂದಿದ್ದಾರೆ. ಇವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಪುಂಡಿಪಲ್ಯ ಬಡಿಸಿದಳು. ಮೂರು ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಸೆಪ್ಟೆಂಬರ್ 18, ಬುಧವಾರ

ಕಣ್ಣು ಉಳಿಯಿತು.

ಡಾಕ್ಟರು ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ, "ಪರದೆ ಗಟ್ಟಿಯಾಗಿ ಅಂಟಿಕೊಂಡಿದೆ. ನೀವು ನೋಡಿದ ಗೆರೆ ಗ್ಯಾಸಿನದು. ಅರ್ಧ ನೀರು ಇರೋ ಬಾಟಲಿಯಲ್ಲಿ ಮಟ್ಟ ಕಾಣುತ್ತಲ್ಲ, ಅದೇ. ಗ್ಯಾಸ್ ಕರಗುತ್ತಿದೆ, ಗೆರೆ ಇಳಿಯುತ್ತಾ ಹೋಗುತ್ತೆ" ಅಂದರು. ಇನ್ನು ಬೋರಲು ಮಲಗಬೇಕಿಲ್ಲ. ಅಂಗಾತ ಮಲಗಬಾರದು, ಎರಡು ತಿಂಗಳು ಭಾರ ಎತ್ತಬಾರದು, ಇಷ್ಟೇ. ಡಬ್ಬಿ ತೆಗೆದು ನನ್ನ ಚಸ್ಮಾ ಹಾಕಲು ಹೇಳಿದರು.

ಕಸ್ತೂರಿ ಡಾಕ್ಟರ ಮುಂದೆ ಸುಮ್ಮನಿದ್ದವಳು ಹೊರಗೆ ಬಂದು ನಳದ ಹತ್ತಿರ ನಿಂತು ಅತ್ತಳು. ನಾನು ಬಾಜೂ ನಿಂತಿದ್ದೆ. ಚಾ ಕುಡಿಯೋಣ ಅಂದೆ. ಸ್ಟೇಷನ್ ರಸ್ತೆಯ ಹೋಟೆಲ್ಲಿನಲ್ಲಿ ಸುಸಲಾ ಮಿರ್ಚಿ ತಿಂದೆವು. ಎರಡೆರಡು ಚಾ ಕುಡಿದೆವು.

ಲಕ್ಷ್ಮಿಕಾಂತನಿಗೆ ಇವತ್ತು ಹುಣಸಗಿಯಲ್ಲಿ ಕೆಲಸವಿತ್ತು, ನಾವು ಬಸ್ಸಿನಲ್ಲಿ ಹೋಗಿದ್ದೆವು. ತಿರುಗಿ ಬರುವಾಗ ನೆಟ್ಟಗೆ ಕುಂತು ಬಂದೆ. ಹೊಲ, ಹತ್ತಿ ಗಿಡ, ಕೆನಾಲು, ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ. ಎಲ್ಲವೂ ಹೊಸದಾಗಿ ತೊಳೆದಿಟ್ಟ ಹಾಗೆ. ಕಸ್ತೂರಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಹತ್ತೊಂಬತ್ತು ದಿನದಿಂದ ಅವಳಿಗೂ ನಿದ್ದೆಯಿಲ್ಲ. ಸುರಪುರ ಬರುವ ತನಕ ಆ ಹೆಗಲು ಅಲ್ಲಾಡಿಸಲಿಲ್ಲ.

ಸೆಪ್ಟೆಂಬರ್ 22, ರವಿವಾರ

ನಿನ್ನೆ ಚಸ್ಮಾ ಹಾಕಿ, ಎಡಗಣ್ಣಿನಿಂದ, ಮೊದಲ ಸಲ ‘ಮಹಜರು’ ನೋಡಿದೆ.

ಇನ್ಸ್‌ಪೆಕ್ಟರ್ ಅಚ್ಯುತ ಗಿಡ್ಡ ಇದ್ದಾನೆ. ನೆತ್ತಿಯಲ್ಲಿ ಕೂದಲು ಕಡಿಮೆ, ಹೊಟ್ಟೆ ಮುಂದೆ ಬಂದಿದೆ. ನಾನು ಎರಡು ವಾರದಿಂದ ಕಂಡ ಮನುಷ್ಯ ಎತ್ತರ ಇದ್ದ, ತೆಳ್ಳಗಿದ್ದ. ನಿರಾಶೆ ತಡೆಯಲಾಗದೆ "ಇವನೇನು?" ಅಂತ ಕೇಳಿದೆ. ಇಬ್ಬರು ಹೆಂಗಸರೂ ಬಿದ್ದುಬಿದ್ದು ನಕ್ಕರು.

"ಎತ್ತರ ಅದಾನ ಅಂತ ನಾ ಯಾವಾಗ ಹೇಳೀನ್ರಿ?" ಅಂದಳು ಕಸ್ತೂರಿ.

ಹೇಳಿರಲಿಲ್ಲ, ಖರೆ. ಹತ್ತು ನಿಮಿಷ ನೋಡಿದ ಮೇಲೆ ಅವನೇ ಸರಿ ಅನಿಸಿತು. ಅಣ್ಣನ ಮನೆಗೆ ತಪಾಸಣೆಗೆ ಹೋಗುತ್ತಾನೆ. ಹೊಸ್ತಿಲಲ್ಲಿ ಬೂಟು ಬಿಚ್ಚಬೇಕೋ ಬೇಡವೋ ಅಂತ ಒಂದು ಕ್ಷಣ ನಿಲ್ಲುತ್ತಾನೆ. ತಮ್ಮನಾಗಿ ಬಂದರೆ ಬಿಚ್ಚಬೇಕು, ಪೊಲೀಸನಾಗಿ ಬಂದರೆ ಬೇಡ. ಅತ್ತಿಗೆ ನೋಡುತ್ತಿದ್ದಾಳೆ. ಬಿಚ್ಚುತ್ತಾನೆ. ಕ್ಯಾಮರಾ ಅವನ ಮಾರಿಯನ್ನು ತೋರಿಸುವುದೇ ಇಲ್ಲ, ಬಾಗಿಲ ಬುಡದಲ್ಲಿ ಕುಂತಿದೆ, ಅವನ ಹರಿದ ಸಾಕ್ಸು ತೋರಿಸುತ್ತದೆ.

ನಾನು ಎಷ್ಟು ಮನೆಗಳೊಳಗೆ ಬೂಟು ಹಾಕಿಕೊಂಡೇ ಹೋಗಿ ಫೋಟೋ ತೆಗೆದಿದ್ದೇನೆ. ಕೆಲಸ ಮುಗಿಸಿ ಜಲ್ದಿ ಹೊರಗೆ ಬೀಳುವ ಅವಸರ.

ನಡುವೆ ಎರಡು ಸಲ ಕಣ್ಣು ಮುಚ್ಚಿದೆ. ಕಸ್ತೂರಿ ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. "ಹೇಳು, ಹೇಳು" ಅಂದೆ. "ಈಗ ಕಾಣ್ತದಲ್ರಿ ನಿಮಗ" ಅಂದಳು. ಕಂಡರೂ ಹೇಳು ಅಂದೆ.

ಸೆಪ್ಟೆಂಬರ್ 26, ಗುರುವಾರ

ನಿನ್ನೆ ಮುಂಜಾನೆ ಎಂಟಕ್ಕೆ ಪೊಲೀಸ್ ಠಾಣೆಯಿಂದ ಹವಾಲ್ದಾರ ಬಂದ. ಊರ ಹೊರಗಿನ ಒಂದು ಖಾಸಗಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಳವಾಗಿದೆ, ಕಿಡಕಿಯ ಸರಳು ಕಿತ್ತಿದ್ದಾರೆ, ಫೋಟೋ ಬೇಕು. ನನ್ನ ಕಣ್ಣು ನೋಡಿ ಅವನೇ ಹಿಂದೆ ಸರಿದ. ಲಕ್ಷ್ಮಿಕಾಂತ ಕಡೇಚೂರಿನಲ್ಲಿ, ಸಂಜೆಗೆ ಮೊದಲು ಬರಲಾರ.

"ನಾ ಹೋಗ್ತೀನಿ" ಅಂದಳು ಕಸ್ತೂರಿ, ಕೈ ಒರೆಸಿಕೊಳ್ಳುತ್ತ.

ನಾನು ಹವಾಲ್ದಾರನ ಮಾರಿ ನೋಡಿದೆ, ಅವನು ನನ್ನ ಮಾರಿ ನೋಡಿದ. ಯಾರೂ ಬೇಡ ಅನ್ನಲಿಲ್ಲ. ಕ್ಯಾಮರಾದಲ್ಲಿ ಹೊಸ ಕಾರ್ಡು ಹಾಕಿ ಕೊಟ್ಟೆ. ಫ್ಲ್ಯಾಶ್ ಹಚ್ಚಲು ಮರೀಬ್ಯಾಡ ಅಂದೆ.

ಎರಡು ತಾಸಿಗೆ ತಿರುಗಿ ಬಂದಳು. ಕಂಪ್ಯೂಟರಿನ ಪರದೆಗೆ ಮೂಗು ಹಚ್ಚಿ ಫೋಟೋ ನೋಡಿದೆ. ಮೊದಲಿನ ಆರು ಫೋಟೋ ಫ್ಲ್ಯಾಶಿನವು, ನಾನು ಮೂವತ್ತು ವರ್ಷ ತೆಗೆದಂಥವೇ, ಗೋಡೆ ಬೆಳ್ಳಗೆ, ಕಿಡಕಿ ಬೆಳ್ಳಗೆ, ಎಲ್ಲ ಚಪ್ಪಟೆ. ಏಳನೆಯದಕ್ಕೆ ಫ್ಲ್ಯಾಶ್ ತೆಗೆದಿದ್ದಾಳೆ. ಬಾಗಿಲೂ ಕಿಡಕಿಯ ಕದವೂ ಮುಚ್ಚಿ ಕೋಣೆ ಕತ್ತಲೆ ಮಾಡಿದ್ದಾಳೆ. ಹವಾಲ್ದಾರನ ಕೈಯಲ್ಲಿ ಬ್ಯಾಟರಿ ಕೊಟ್ಟು ಕಿಡಕಿಯ ಕಟ್ಟೆಗೆ ಸರಿಯಾಗಿ, ಒಂದು ಬಾಜೂದಿಂದ, ಕೆಳಮಟ್ಟದಲ್ಲಿ ಬೆಳಕು ಬಿಡಿಸಿದ್ದಾಳೆ. ಕಟ್ಟೆಯ ಮೇಲಿನ ಧೂಳು ಎದ್ದು ನಿಂತಿದೆ. ಧೂಳಿನಲ್ಲಿ ಬರಿಗಾಲಿನ ಎರಡು ಹೆಜ್ಜೆ, ಬೆರಳು ಹೊರಗಿನ ಕಡೆಗೆ. ಒಳಗೆ ಬಂದ ಹೆಜ್ಜೆ ಒಂದೂ ಇಲ್ಲ.

"ಯಾರು ಹೇಳಿದ್ರು ನಿನಗ ಹಿಂಗ ತಗಿ ಅಂತ?"

"ಯಾರು ಹೇಳಬೇಕು? ಮುಂಜಾನಿ ಬಿಸಲು ಬಾಗಲದಾಗಿಂದ ಬಿದ್ದಾಗ ಕಸ ಉಡುಗಿದ ನೆಲದ ಮ್ಯಾಲೂ ಕಸ ಕಾಣ್ತದ. ಮಟಮಟ ಮಧ್ಯಾಹ್ನ ಕಾಣಂಗಿಲ್ಲ. ಅಷ್ಟ."

ಅಂದರೆ ಕಳ್ಳ ಒಳಗೆ ಬಂದದ್ದು ಬಾಗಿಲಿನಿಂದ, ಬೀಗ ತೆಗೆದೇ. ಹೊರಗಿನವರ ಕೆಲಸ ಅಂತ ತೋರಲು ಸರಳು ಕಿತ್ತು ಕಿಡಕಿಯಿಂದ ಹೋಗಿದ್ದಾನೆ. ನಾನಾಗಿದ್ದರೆ ಆರು ಫೋಟೋ ತೆಗೆದು ಚಾ ಕುಡಿದು ಬರುತ್ತಿದ್ದೆ. ಇದನ್ನು ಅವಳಿಗೂ ಹೇಳಿದೆ.

ಸೆಪ್ಟೆಂಬರ್ 30, ಸೋಮವಾರ

ಪಿಎಸ್ಐ ಸಾಹೇಬರು ತಾವೇ ನಮ್ಮ ಸ್ಟುಡಿಯೋಕ್ಕೆ ಬಂದಿದ್ದರು. ಶಾಲೆಯ ಬೀಗದ ಕೈ ಇದ್ದವರನ್ನು ವಿಚಾರಿಸಿದ್ದಾರೆ, ಕಂಪ್ಯೂಟರುಗಳು ಸಿಕ್ಕಿವೆ. "ಆ ಫೋಟೋ ತಗದವರು ಯಾರ್ರಿ?" ಅಂದರು. ಕಸ್ತೂರಿ ಒಳಗೆ ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡುತ್ತಿದ್ದಳು. ಕರೆದೆ. ಮುಂದೆ ಇಂಥ ಕೆಲಸಕ್ಕೆ ಮೇಡಮ್ ಅವರನ್ನೇ ಕಳಿಸ್ರಿ ಅಂದರು. ಆಯಿತು ಅಂದೆ.

ಅಭಿಮಾನಿಗಳ ಗುಂಪಿಗೆ ಲಕ್ಷ್ಮಿಕಾಂತ ಅವಳನ್ನೂ ಸೇರಿಸಿದ್ದಾನೆ. ಸಮುದ್ರದ ಬಗ್ಗೆ ಅವಳು ಬರೆದ ಎರಡು ಸಾಲಿಗೆ ಎಲ್ಲೆಲ್ಲಿಯದೋ ನೂರಾರು ಮಂದಿ ಹೆಬ್ಬೆರಳು ಎತ್ತಿದ್ದಾರೆ. ಕಡಲ ದಂಡೆಯವರೇ ಒಬ್ಬರು, ನಮ್ಮ ಸಮುದ್ರ ಖರೇನೇ ಹಾಗಿದೆ, ನಾವೇ ನೋಡಿರಲಿಲ್ಲ ಅಂತ ಬರೆದಿದ್ದಾರೆ. ಅವಳು ಅದನ್ನು ಅರ್ಜುಮಂದ್ ಟೀಚರಿಗೆ ಮೂರು ಸಲ ಓದಿ ತೋರಿಸಿದಳು. ನನಗೆ ನಾಲ್ಕು ಸಲ.

ಅಕ್ಟೋಬರ್ 3, ಗುರುವಾರ

ನಿನ್ನೆ ಗಾಂಧಿ ಜಯಂತಿ, ಡಾಕ್ಟರು ಇವತ್ತು ಬಂದಿದ್ದರು. ಗುಳ್ಳೆ ಪೂರ್ತಿ ಕರಗಿದೆ. ಬಲಗಣ್ಣಿನಿಂದ ಬೋರ್ಡಿನ ನಾಲ್ಕನೇ ಸಾಲಿನವರೆಗೆ ಓದಿದೆ. ಎಡಗಣ್ಣಿಗೆ ಲೇಸರ್ ಮಾಡಿದರು, ಇನ್ನು ಅದರ ಚಿಂತೆಯೂ ಇಲ್ಲ. ಕಸ್ತೂರಿಯ ಜೋಡಿ ಹೊರಗೆ ಬಂದು ಭಾಗ್ಯಳಿಗೆ ಫೋನು ಮಾಡಿದೆ. ಹುಣಸಗಿಯಲ್ಲಿ ಪಾಠ ಮಾಡುತ್ತಿದ್ದ ಮಗಳು ಕ್ಲಾಸಿನಿಂದ ಎದ್ದು ಹೊರಗೆ ಬಂದು, "ಅಪ್ಪಾ, ಇನ್ನೊಮ್ಮಿ ಹೇಳು" ಅಂದಳು. ಇನ್ನೊಮ್ಮೆ ಹೇಳಿದೆ.

ಅಕ್ಟೋಬರ್ 7, ಸೋಮವಾರ

ನಿನ್ನೆ ‘ಮಹಜರು’ ಮುಗಿಯಿತು. ಕಸ್ತೂರಿ ನೋಡಲಿಲ್ಲ.

ವನದುರ್ಗದಲ್ಲಿ ಒಂದು ಕುಬಸದ, ಅಂದರೆ ಸೀಮಂತದ, ಕಾರ್ಯವಿತ್ತು. ಬಸುರಿ ಹೆಣ್ಣುಮಗಳು ಗಂಡಸು ಫೋಟೋಗ್ರಾಫರ್ ಬ್ಯಾಡ ಅಂದಿದ್ದಳಂತೆ, ಅವಳ ತಾಯಿ ನಮ್ಮಲ್ಲಿಗೆ ಹುಡುಕಿಕೊಂಡು ಬಂದಿದ್ದಳು. ದಿನ ಗೊತ್ತಾದಾಗ ಕಡೆಯ ಕಂತು ಅದೇ ದಿನ ಅಂತ ಇಬ್ಬರಿಗೂ ನೆನಪಾಗಲಿಲ್ಲ. ಹೊರಡುವ ಹೊತ್ತಿಗೆ ಕಸ್ತೂರಿಯ ಮಾರಿ ಸಣ್ಣದಾಗಿತ್ತು. ಬ್ಯಾಟರಿ ಚಾರ್ಜ್ ಮಾಡಿ, ಲೆನ್ಸ್ ಒರೆಸಿ ಬ್ಯಾಗು ತುಂಬಿ ಕೊಟ್ಟೆ. "ಫೋನಿನ್ಯಾಗ ಆಮ್ಯಾಲ ನೋಡಿದ್ರಾತು" ಅಂದೆ. "ಅಂಗೈಯಷ್ಟು ಫೋನಿನ್ಯಾಗ ಸಮುದ್ರ ಏನ್ ನೋಡೂದು" ಅಂದು ಬಸ್ಸು ಹತ್ತಿದಳು.

ಏಳಕ್ಕೆ ಟೀಚರೂ ನಾನೂ ಕುಂತೆವು. ಎಂಟೂವರೆಗೆ ಕಸ್ತೂರಿ ಬಂದಳು. ಟೀಚರು ಇನ್ನೂ ಅಲ್ಲೇ ಇದ್ದರು. ಅವಳು ಕಾಲು ತೊಳೆದು ಬರುವಷ್ಟರಲ್ಲಿ ನಾನು ತಾಟು ಹಾಕಿ ಅನ್ನ, ಸಾರು ಬಡಿಸಿದೆ.

"ಯಾರು ಕೊಂದಿದ್ರು?" ಅಂದಳು.

"ಬಂದರದ ದೀಪದ ಗೋಪುರ ಕಾಯೋನು. ಅಣ್ಣ ಅಲ್ಲ."

"ಅದು ಇರಲಿ. ಹ್ಯಾಂಗ ತೋರ್ಸ್ಯಾರ ಹೇಳ್ರಿ."

ಹೇಳತೊಡಗಿದೆ. ಇನ್ಸ್‌ಪೆಕ್ಟರ್ ಕೊಲೆಗಾರನ ಮನೆಗೆ ಬರುತ್ತಾನೆ. ಸಣ್ಣ ಮನೆ. ಕೊಲೆಗಾರ ಸುಮ್ಮನೆ ಎದ್ದು ಅಂಗಿ ಹಾಕಿಕೊಳ್ಳುತ್ತಾನೆ, ಹೊರಗಿನ ಜೀಪಿಗೆ ಹೋಗಿ ಕುಂತುಬಿಡುತ್ತಾನೆ. ಒಳಗೆ ಅವನ ಮುದುಕಿ ತಾಯಿ ಉಳಿದಿದ್ದಾಳೆ. ಎದುರಿಗೆ ಇನ್ಸ್‌ಪೆಕ್ಟರ್. ಕ್ಯಾಮರಾ ಈ ಸಲ ಬಾಗಿಲಲ್ಲಿ ಇಲ್ಲ, ಮುದುಕಿಯ ಹೆಗಲ ಹಿಂದೆ ಇದೆ. ಗೋಪುರದ ದೀಪ ಒಂದೊಂದು ಸುತ್ತಿಗೆ ಒಮ್ಮೆ ಕಿಡಕಿಯಲ್ಲಿ ಹಾದು ಅವನ ಮಾರಿಯ ಮೇಲೆ ಬಿದ್ದು ಹೋಗುತ್ತದೆ.

"ಮಾತಿಲ್ಲ?"

"ಇಲ್ಲ. ಐದು ಸಲ ಬೆಳಕು ಬಂತು, ಹೋಯ್ತು."

"ಆರು ಸಲ, ಭಾಯಿ" ಅಂದರು ಟೀಚರು.

"ಮಾರಿ ಹ್ಯಾಂಗಿತ್ತು?" ಕಸ್ತೂರಿಯ ಕೈ ತಾಟಿನಲ್ಲಿ ನಿಂತಿತ್ತು.

ನಾನು ಯೋಚಿಸಿದೆ. ಟೀಚರು ಹೇಳಲು ಬಾಯಿ ತೆರೆದವರು ನನ್ನನ್ನು ನೋಡಿ ಸುಮ್ಮನಾದರು. ಆ ಮಾರಿಯಲ್ಲಿ ಏನೂ ನಡೆಯುತ್ತಿರಲಿಲ್ಲ, ಆದರೆ ಎಲ್ಲವೂ ನಡೆಯುತ್ತಿತ್ತು. ಅದನ್ನು ಲೆನ್ಸಿನ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ.

"ಗುರುವಾರ ಡಾಕ್ಟರ ಕೋಣಿಯಿಂದ ನಾವು ಹೊರಗ ಬಂದ್ವಲ್ಲ" ಅಂದೆ. "ನನಗ ಓಡಾಡಬೇಕು, ಎಲ್ಲಾರಿಗೂ ಹೇಳಬೇಕು ಅನಸಾಕತ್ತಿತ್ತು. ಬೆಂಚಿನ ಮ್ಯಾಲ ಒಬ್ಬಾಕಿ ಎರಡೂ ಕಣ್ಣಿಗಿ ಪಟ್ಟಿ ಕಟಗೊಂಡು ಕುಂತಿದ್ಲು, ಮಗಳ ಕೈ ಹಿಡಕೊಂಡು. ಮುಂದಿನ ಪಾಳಿ ಅಕಿದು. ಅಕಿಗಿ ನಾ ಕಾಣೂದಿಲ್ಲ, ಗೊತ್ತದ. ಆದ್ರೂ ನಾ ಮಾರಿ ಬಿಗಿ ಹಿಡಕೊಂಡು, ಸದ್ದು ಮಾಡದ ದಾಟಿ ಬಂದೆ. ನೀನೂ ಹಂಗ ಬಂದಿ. ಅವನ ಮಾರಿ ಹಂಗಿತ್ತು. ಅಣ್ಣ ಉಳದ ಅಂತ ಅವನ ಎದಿ ಹಾರಾಕತ್ತದ. ಮುಂದ ಈ ಮುದುಕಿ ಕುಂತಾಳ."

ಟೀಚರು ಸೆರಗಿನಿಂದ ಚಸ್ಮಾ ಒರೆಸಿಕೊಂಡರು. ಮುಂದಿನದನ್ನು ಹೇಳಲು, ಸಮುದ್ರ ತೋರಿಸಿ ಮುಗಿಸಿದ ಬಗೆಯನ್ನು ಹೇಳಲು ನಾನು ಮತ್ತೆ ಬಾಯಿ ತೆರೆದೆ.

"ಸಾಕು ಬಿಡ್ರಿ" ಅಂದಳು ಕಸ್ತೂರಿ. "ನನಗ ಕಂಡ್ತು."